ಬರಬೇಕಿದ್ದ ಮೇಲ್ ಎಲ್ಲಿ ಸಿಕ್ಕಿಕೊಂಡಿದೆ? ಹುಡುಕುವುದು ಹೇಗೆ, ಐಟಿಯವರಿಂದ ಬಿಡಿಸಿಕೊಳ್ಳುವುದು ಹೇಗೆ

ಗ್ರೀಸ್ ನಿಪ್ಪಲ್ ಅಂದರೆ ಏನು ಅಂತ ಯಾವ ವರ್ಕ್‌ಶಾಪ್‌ನಲ್ಲಿ ಕೇಳಿದರೂ ಹೇಳುತ್ತಾರೆ. ಬೇರಿಂಗ್‌ಗೆ ಗ್ರೀಸ್ ತುಂಬಲು ಗನ್ ಕಚ್ಚಿಸುವ ಪುಟ್ಟ ಲೋಹದ ತುದಿ ಅದು. ಪೀಣ್ಯದ ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿ ನಾನಿದ್ದಾಗ ಈ ಚೋಟುದ್ದದ ವಸ್ತು ನನ್ನ 11 ದಿನ ತಿಂದುಹಾಕಿತು.

ಬೆಳಗಾವಿಯ ಸಪ್ಲೈಯರ್ ಕೊಟೇಶನ್ ಕಳಿಸಿದ್ದರು, ನನಗೆ ಬಂದಿರಲಿಲ್ಲ. ಫೋನ್ ಮಾಡಿದರೆ "ಮೂರ್ ಸಲ ಕಳಿಸೇನ್ರೀ ಸರ, ನೀವ ನೋಡಿಲ್ಲ" ಎಂದರು. ನಮ್ಮ ಐಟಿಯ ಹೆಲ್ಪ್‌ಡೆಸ್ಕ್‌ಗೆ ಹೇಳಿದೆ. ಆ ಕಡೆಯ ಹುಡುಗ ಮೊದಲು ರೀಸ್ಟಾರ್ಟ್ ಮಾಡಿಸಿದ. ಆಮೇಲೆ ಔಟ್‌ಲುಕ್ ಅನ್ನೇ ತೆಗೆದು ಮತ್ತೆ ಹಾಕಿಸಿದ, ಅದಕ್ಕೆ ಅರ್ಧ ದಿನ ಹೋಯಿತು. ಕೊನೆಗೆ ತನ್ನ ಆಫೀಸ್ ಐಡಿಯಿಂದಲೇ ನನಗೊಂದು ಟೆಸ್ಟ್ ಮೇಲ್ ಕಳಿಸಿ, "ಬಂತಲ್ಲ ಸರ್, ನಿಮ್ಮ ಮೇಲ್ ಸರಿಯಾಗಿದೆ" ಎಂದು ಟಿಕೆಟ್ (ನನ್ನ ದೂರಿನ ದಾಖಲೆ) ಮುಚ್ಚಿದ. ಬೀದಿ ಗೇಟಿಗೆ ಬೀಗ ಬಿದ್ದಿದೆ ಮಾರಾಯ ಅಂದರೆ ಅಡುಗೆಮನೆಯಿಂದ ಹಾಲ್‌ಗೆ ನಡೆದು ತೋರಿಸಿದ ಹಾಗೆ. ಎರಡನೇ ಟಿಕೆಟ್ ಹಾಕಿದೆ. ಮೂರು ದಿನಕ್ಕೆ ಅದೂ ಮುಚ್ಚಿತು. ಕಾರಣದ ಜಾಗದಲ್ಲಿ "ಯೂಸರ್ ಉತ್ತರಿಸಲಿಲ್ಲ" ಎಂದಿತ್ತು. ನನ್ನನ್ನು ಯಾರೂ ಏನೂ ಕೇಳಿರಲೇ ಇಲ್ಲ!

ಅಂಥ ಫಜೀತಿಯಲ್ಲಿ ನೀವು ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ಇಲ್ಲಿದೆ. ಐಟಿ ಓದಿರಬೇಕಿಲ್ಲ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಮೊದಲ ಹೆಜ್ಜೆ: ನಿಮ್ಮ ಕೈಗೆಟುಕುವ ಜಾಗ ನೋಡಿ

ಜಂಕ್ ಫೋಲ್ಡರ್ ಎಲ್ಲರೂ ನೋಡುತ್ತಾರೆ. ಔಟ್‌ಲುಕ್‌ನಲ್ಲಿ "ಫೋಕಸ್ಡ್" ಪಕ್ಕದ "ಅದರ್" ಟ್ಯಾಬ್ ನೋಡುವುದನ್ನು ಮರೆಯುತ್ತಾರೆ. ಎರಡು ವರ್ಷದ ಹಿಂದೆ ನೀವೇ ಮಾಡಿಟ್ಟ ಯಾವುದೋ ರೂಲ್ ಮೇಲ್ ಅನ್ನು ಬೇರೆ ಫೋಲ್ಡರಿಗೆ ಸಾಗಿಸುತ್ತಿರಲೂಬಹುದು, ಅದನ್ನೂ ನೋಡಿ.

ಇಲ್ಲೆಲ್ಲೂ ಇಲ್ಲದಿದ್ದರೆ ಕ್ವಾರಂಟೈನ್. ಕೋವಿಡ್ ಕಾಲದ ಪದವೇ, ಕೆಲಸವೂ ಅದೇ. ಅನುಮಾನ ಬಂದ ಮೇಲ್ ನಿಮ್ಮ ಮೇಲ್‌ಬಾಕ್ಸ್‌ಗೆ ಬರುವ ಮೊದಲೇ ಬಾಗಿಲಲ್ಲಿ ಕೂಡಿಹಾಕುತ್ತಾರೆ. ಕಳಿಸಿದವರಿಗೆ ಸಾಮಾನ್ಯವಾಗಿ ಸುದ್ದಿ ಹೋಗುವುದಿಲ್ಲ. ನಿಮಗೂ ಬಾರದಿರಬಹುದು. ಹಾಗಾಗಿಯೇ "ಕಳಿಸಿದ್ದೇನೆ", "ಬಂದಿಲ್ಲ" ಎಂದು ಇಬ್ಬರೂ ಜಗಳ ಆಡುತ್ತಾ ಇರುತ್ತಾರೆ, ಇಬ್ಬರದ್ದೂ ನಿಜವೇ. ಮೈಕ್ರೋಸಾಫ್ಟ್ 365 ಇರುವ ಬಹಳಷ್ಟು ಕಚೇರಿಗಳಲ್ಲಿ ಈ ಪಟ್ಟಿಯನ್ನು ನೀವೇ ಲಾಗಿನ್ ಆಗಿ ನೋಡಬಹುದು, ಆದರೆ ಹಾಗೊಂದು ಪುಟ ಇದೆ ಅಂತ ಯಾರೂ ಹೇಳಿರುವುದಿಲ್ಲ. ಅದರ ಲಿಂಕ್ ಕೇಳಿ ಪಡೆದು ಬುಕ್‌ಮಾರ್ಕ್ ಮಾಡಿಡಿ. ಸ್ಪ್ಯಾಮ್ ಅಂತ ಹಿಡಿದದ್ದನ್ನು ಅಲ್ಲಿ ಜಾಸ್ತಿ ಅಂದರೆ 30 ದಿನ ಇಟ್ಟುಕೊಂಡು ಅಳಿಸಿಬಿಡುತ್ತಾರೆ. ಜಿಮೇಲ್‌ನ ಸ್ಪ್ಯಾಮ್ ಫೋಲ್ಡರಿನಲ್ಲೂ 30 ದಿನವೇ. ಆದ್ದರಿಂದ ಮುಂದಿನ ತಿಂಗಳು ನೋಡೋಣ ಎನ್ನುವಂತಿಲ್ಲ.

ಎರಡನೆಯದು: ಬೌನ್ಸ್ ಬಂತಾ ಅಂತ ಕೇಳಿ

ಕಳಿಸಿದವರಿಗೆ ಮೇಲ್ ವಾಪಸ್ ಬಂದಿದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. "ಏನೋ ಎರರ್ ಬಂತು ಸರ್" ಎಂದರೆ ಬಿಡಬೇಡಿ. ಅದನ್ನು ಇಡಿಯಾಗಿ ವಾಟ್ಸಾಪ್ ಮಾಡಿಸಿಕೊಳ್ಳಿ. ಅದರಲ್ಲಿ ಮೂರಂಕಿಯ ಒಂದು ನಂಬರ್ ಇರುತ್ತದೆ. 4ರಿಂದ ಶುರುವಾದರೆ "ಈಗ ಆಗಲ್ಲ, ಆಮೇಲೆ ಬಾ" ಎಂದರ್ಥ, ಸಾಮಾನ್ಯವಾಗಿ ಕಳಿಸಿದವರ ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಶುರುವಾದರೆ ಖಡಾಖಂಡಿತ ಇಲ್ಲ ಎಂದು. 550 5.1.1 ಅಂದರೆ ಅಂಥ ವಿಳಾಸವೇ ಇಲ್ಲ, ಸ್ಪೆಲಿಂಗ್ ನೋಡಿ. 552 ಸಾಮಾನ್ಯವಾಗಿ ಗಾತ್ರದ ತಕರಾರು. 550 5.7.1 ಕಂಡರೆ ನಿಮ್ಮ ಕಚೇರಿಯ ಯಾವುದೋ ನಿಯಮ ಅದನ್ನು ತಡೆದಿದೆ ಎಂದೇ ಬಹುತೇಕ ಹೇಳಬಹುದು.

ಏನೂ ವಾಪಸ್ ಬಂದಿಲ್ಲವೇ? ಹಾಗಿದ್ದರೆ ಅನುಮಾನ ಕ್ವಾರಂಟೈನ್ ಮೇಲೆ.

ಮೂರನೆಯದು: ಯಾಕೆ ಹಿಡಿದಿರಬಹುದು?

ಮೇಲ್ ಸೋಸುವ ಫಿಲ್ಟರ್ ಕೆಲಸ ಮಾಡುವುದು ಅಂಕ ಹಾಕಿ. ಸ್ಪ್ಯಾಮ್‌ಅಸ್ಯಾಸಿನ್ ಎಂಬ ಹಳೆಯ, ಈಗಲೂ ಬಳಕೆಯಲ್ಲಿರುವ ಸಾಫ್ಟ್‌ವೇರ್ ತೆಗೆದುಕೊಳ್ಳಿ. ವಿಷಯದ ಸಾಲು ಪೂರ್ತಿ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಲ್ಲಿದ್ದರೆ ಇಷ್ಟು, ಬರೀ ಚಿತ್ರವೇ ಇದ್ದರೆ ಇಷ್ಟು ಎಂದು ಕೂಡುತ್ತಾ ಹೋಗಿ ಒಟ್ಟು 5 ಮುಟ್ಟಿದರೆ ಸ್ಪ್ಯಾಮ್ ಎಂದು ಮುದ್ರೆ ಒತ್ತುತ್ತದೆ. ಇದರಲ್ಲಿ ಒಂದು ನ್ಯಾಯವಾದರೂ ಇದೆ. ತೊಂದರೆ ಇರುವುದು ಇದರ ಮೇಲೆ ನಮ್ಮ ಆಫೀಸಿನವರು ಕೂತು ಬರೆಯುವ ಕೆಟ್ಟ ಪದಗಳ ಪಟ್ಟಿಯಲ್ಲಿ. ಒಂದು ಪದ ಸಿಕ್ಕಿತೋ, ಹಿಂದೆಮುಂದೆ ನೋಡದೆ ಕ್ವಾರಂಟೈನ್‌ಗೆ ಹಾಕು. ನನ್ನ ಗ್ರೀಸ್ ನಿಪ್ಪಲ್ ಸತ್ತದ್ದು ಅಲ್ಲೇ, ಅಶ್ಲೀಲ ಎಂಬ ಆರೋಪದ ಮೇಲೆ, ಇಂಗ್ಲಿಷಿನಲ್ಲಿ ಆ ಪದಕ್ಕೆ ಮೊಲೆತೊಟ್ಟು ಎಂಬ ಅರ್ಥವೂ ಇದೆಯಲ್ಲ. ಎಂಜಿನಿಯರಿಂಗ್ ಸಾಮಾನು ಮಾಡುವ ಕಂಪನಿಯಲ್ಲಿ! ಇದು ಹೊಸ ಕಥೆಯೂ ಅಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರು ಎಒಎಲ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲು ಹೋದರೆ ಆಗಲೇ ಇಲ್ಲ, ಯಾಕೆಂದರೆ ಊರಿನ ಹೆಸರಿನ ಹೊಟ್ಟೆಯಲ್ಲಿ ಇಂಗ್ಲಿಷಿನ ಒಂದು ಬೈಗುಳ ಅಡಗಿತ್ತು. ಇಂಥ ಎಡವಟ್ಟಿಗೆ ಇವತ್ತಿಗೂ ಆ ಊರಿನ ಹೆಸರೇ ನಿಂತುಬಿಟ್ಟಿದೆ.

ಗಾತ್ರದ್ದು ಇನ್ನೊಂದು ಮೋಸ. ಮಿತಿ 25 ಎಂಬಿ, ನನ್ನ ಡ್ರಾಯಿಂಗ್ 20 ಎಂಬಿ, ಆದರೂ ಹೋಗಲಿಲ್ಲ ಎಂದು ಗೋಳಾಡುವವರನ್ನು ನೋಡಿದ್ದೇನೆ. ಮೇಲ್‌ನಲ್ಲಿ ಹೋಗುವಾಗ ಫೈಲ್ ಅಕ್ಷರಗಳಾಗಿ ಬದಲಾಗುತ್ತದೆ, ಪ್ರತಿ 3 ಬೈಟ್‌ಗೆ 4 ಅಕ್ಷರ. ಅಂದರೆ 20 ಎಂಬಿ ಫೈಲ್ ದಾರಿಯಲ್ಲಿ 27 ಎಂಬಿ ಆಸುಪಾಸು ಆಗಿರುತ್ತದೆ. ಲೆಕ್ಕಕ್ಕೆ 18 ಎಂಬಿ ದಾಟಬೇಡಿ.

ನಮ್ಮವರನ್ನು ಕಾಡುವ ಒಂದು ತೊಂದರೆಯೂ ಇದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಮೇಲ್‌ಗೆ ಅಂಟಿಸಿದರೆ ಯಂತ್ರಕ್ಕೆ ಅದು ಕನ್ನಡ ಅಲ್ಲವೇ ಅಲ್ಲ, ತಲೆ ಮೇಲೆ ಗೀಟು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದಕ್ಕೆ ಅನುಮಾನ ಬಂದರೆ ತಪ್ಪೇನು? ಯಂತ್ರಕ್ಕೂ ಕನ್ನಡ ಅಂತಲೇ ತಿಳಿಯುವ ಯೂನಿಕೋಡ್‌ಗೆ ಬದಲಿಸಿ ಕಳಿಸಿ. ಯೂನಿಕೋಡ್‌ನಲ್ಲಿ ಕಳಿಸಿದ್ದೂ ಹೋಗುತ್ತಿಲ್ಲವಾದರೆ ಐಟಿಯವರನ್ನು ಕೇಳಿ, ಮೈಕ್ರೋಸಾಫ್ಟ್ 365ನಲ್ಲಿ ಇಂತಿಂಥ ಭಾಷೆಯ ಮೇಲ್ ಬಂದರೆ ಸ್ಪ್ಯಾಮ್ ಅನ್ನು ಎಂದು ಹೇಳಿಡುವ ಸೌಲಭ್ಯವೇ ಇದೆ, ಯಾರಾದರೂ ಉತ್ಸಾಹದಲ್ಲಿ ಒತ್ತಿರಬಹುದು.

ಇನ್ನು ಕಳಿಸಿದವರದೇ ತಪ್ಪು ಇರುವುದೂ ಉಂಟು. ಸಣ್ಣ ಕಂಪನಿಯವರು ಮೇಲ್ ಸೇವೆ ಬದಲಿಸಿರುತ್ತಾರೆ, ತಮ್ಮ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಸಾರುವ ಎಸ್‌ಪಿಎಫ್ ದಾಖಲೆಯನ್ನು ಬದಲಿಸಿರುವುದಿಲ್ಲ. ಆಗ ಅವರ ಅಸಲಿ ಮೇಲೇ ನಕಲಿಯಂತೆ ಕಾಣುತ್ತದೆ. ಅದನ್ನು ಅವರ ಕಡೆಯೇ ಸರಿಮಾಡಬೇಕು.

ನಾಲ್ಕನೆಯದು: ಮುಚ್ಚಲಾಗದ ಟಿಕೆಟ್ ಬರೆಯಿರಿ

"ಮೇಲ್ ಬರ್ತಿಲ್ಲ, ಅರ್ಜೆಂಟ್" ಎಂದು ಬರೆದರೆ ರೀಸ್ಟಾರ್ಟ್ ಮಾಡಿ ಎಂಬ ಉತ್ತರವೇ ಬರುವುದು. ಆ ಹುಡುಗರ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ದಿನಕ್ಕೆ ಎಷ್ಟು ಟಿಕೆಟ್ ಮುಚ್ಚಿದೆ ಎಂದು ಅವರನ್ನು ಅಳೆಯುತ್ತಾರೆ, ಎಷ್ಟು ತೊಂದರೆ ಸರಿಮಾಡಿದೆ ಅಂತಲ್ಲ. ಮುಂದೆ ಒಂದು ಪ್ರಶ್ನೆಪಟ್ಟಿ ಇರುತ್ತದೆ, ಅದನ್ನು ಓದುತ್ತಾರೆ. ಫಿಲ್ಟರ್ ಮುಟ್ಟುವ ಅಧಿಕಾರವೂ ಅವರಿಗೆ ಇರುವುದಿಲ್ಲ. ಆದ್ದರಿಂದ ಅವರನ್ನು ದಾಟಿ ಮೇಲ್ ಸರ್ವರ್ ನೋಡುವವರ ಕೈಗೆ ಹೋಗುವಂತೆ ಟಿಕೆಟ್ ಬರೆಯಬೇಕು. ಇಂಗ್ಲಿಷಿನಲ್ಲೋ ಕನ್ನಡದಲ್ಲೋ, ವಿಷಯ ಇಷ್ಟಿರಲಿ:

"ಇಂಥ ಹೊರಗಿನ ವಿಳಾಸದಿಂದ ನನ್ನ ವಿಳಾಸಕ್ಕೆ 12ನೇ ತಾರೀಕು ಬೆಳಗ್ಗೆ 11:40ಕ್ಕೆ (ಭಾರತದ ಸಮಯ) ಕಳಿಸಿದ ಮೇಲ್ ಬಂದಿಲ್ಲ. ವಿಷಯದ ಸಾಲು ಇದು, ಮೆಸೇಜ್ ಐಡಿ ಇದು. ಕಳಿಸಿದವರಿಗೆ ಬೌನ್ಸ್ ಬಂದಿಲ್ಲ. ಆಫೀಸಿನ ಒಳಗಿನ ಮೇಲ್ ಬರುತ್ತಿದೆ, ಬೇರೆ ಹೊರಗಿನ ಮೇಲ್ ಕೂಡ ಬರುತ್ತಿದೆ. ರೀಸ್ಟಾರ್ಟ್ ಮಾಡಿದ್ದೇನೆ, ಬ್ರೌಸರ್‌ನಲ್ಲೂ ನೋಡಿದ್ದೇನೆ. ದಯವಿಟ್ಟು ಮೆಸೇಜ್ ಟ್ರೇಸ್ ಮಾಡಿ, ಯಾವ ನಿಯಮ ತಡೆದಿದೆ ಎಂದು ತಿಳಿಸಿ."

ಮೆಸೇಜ್ ಟ್ರೇಸ್ ಅಂದರೆ ಆ ಮೇಲ್ ಸರ್ವರ್‌ನಲ್ಲಿ ಎಲ್ಲಿಗೆ ಹೋಯಿತು ಎಂದು ಜಾಡು ಹಿಡಿಯುವುದು. ಮೆಸೇಜ್ ಐಡಿ ಅಂದರೆ ಆ ಮೇಲ್‌ನ ಆಧಾರ್ ನಂಬರ್ ಇದ್ದ ಹಾಗೆ. ಕಳಿಸಿದವರು ಜಿಮೇಲ್‌ನಲ್ಲಿದ್ದರೆ ಕಳಿಸಿದ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, "ಶೋ ಒರಿಜಿನಲ್" ಆರಿಸಿದರೆ ಮೇಲೆಯೇ ಸಿಗುತ್ತದೆ. ಸಮಯ ಬರೆಯುವಾಗ ಭಾರತದ ಸಮಯ ಎಂದು ಸ್ಪಷ್ಟವಾಗಿ ಹೇಳಿ. ಸರ್ವರ್ ದಾಖಲೆಗಳು ಎಷ್ಟೋ ಕಡೆ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತವೆ, ಅಲ್ಲಿ ನಿಮ್ಮ 11:40 ಎಂಬುದು 6:10. ತಪ್ಪು ಸಮಯ ನೋಡಿ "ಅಂಥ ಮೇಲ್ ಬಂದೇ ಇಲ್ಲ" ಎಂದು ಮತ್ತೆ ಮುಚ್ಚಿಬಿಡುತ್ತಾರೆ.

ಟೆಸ್ಟ್ ಮೇಲ್ ಕಳಿಸುತ್ತೇವೆ ಎಂದರೆ ಹೊರಗಿನ ವಿಳಾಸದಿಂದ, ಅದೇ ಅಟ್ಯಾಚ್‌ಮೆಂಟ್ ಇಟ್ಟು ಕಳಿಸಿ ಅನ್ನಿ. ಒಳಗಿನಿಂದ ಒಳಗೆ ಕಳಿಸಿದ್ದು ಸಾಮಾನ್ಯವಾಗಿ ಆ ಫಿಲ್ಟರ್‌ನ ದಾರಿಗೇ ಹೋಗುವುದಿಲ್ಲ. ಮುಚ್ಚಿದರೆ ಹೊಸ ಟಿಕೆಟ್ ಹಾಕಬೇಡಿ, ಹಳೆಯದನ್ನೇ ರೀಓಪನ್ ಮಾಡಿ, ರೀಓಪನ್ ಆದ ಟಿಕೆಟ್ ಅವರ ಮ್ಯಾನೇಜರ್ ಕಣ್ಣಿಗೆ ಬೀಳುವ ಸಾಧ್ಯತೆ ಜಾಸ್ತಿ. ಆದರೂ ಆಗದಿದ್ದರೆ ನಷ್ಟ ಎಷ್ಟು ಎಂದು ಬರೆಯಿರಿ. ನಾನು "ಈ ಸಾಮಾನು ಬಾರದೆ ಎರಡನೇ ಲೈನ್ ನಿಲ್ಲುತ್ತದೆ" ಎಂದು ಬರೆದು ಪ್ರೊಡಕ್ಷನ್ ಮ್ಯಾನೇಜರ್‌ಗೂ ಕಾಪಿ ಹಾಕಿದ ಮೇಲೆಯೇ ಸರ್ವರ್ ನೋಡುವವರು ಫೋನ್ ಮಾಡಿದ್ದು.

ಕೊನೆಗೆ: ಕೇಳುವುದನ್ನು ಸರಿಯಾಗಿ ಕೇಳಿ

"ಆ ಕಂಪನಿಯನ್ನು ವೈಟ್‌ಲಿಸ್ಟ್ ಮಾಡಿಬಿಡಿ" ಎನ್ನುವುದು ಸುಲಭ. ಬೇಡ. ಪೂರ್ತಿ ಬಾಗಿಲು ತೆರೆದರೆ ನಾಳೆ ಯಾರೋ ಆ ಸಪ್ಲೈಯರ್ ಹೆಸರಲ್ಲೇ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಇದಕ್ಕೆ ಹಾಕಿ" ಎಂದು ಮೇಲ್ ಕಳಿಸಿದರೆ ಅದೂ ನೇರ ಒಳಗೆ ಬರುತ್ತದೆ. ಇಂಥ ವಂಚನೆ ಕಲ್ಪನೆ ಏನಲ್ಲ, ಪರ್ಚೇಸ್ ಮತ್ತು ಅಕೌಂಟ್ಸ್‌ನವರು ಒಬ್ಬರಾದರೂ ಇಂಥ ಮೇಲ್ ನೋಡಿಯೇ ಇರುತ್ತಾರೆ. ತಪ್ಪು ಮಾಡಿದ ಆ ಒಂದು ನಿಯಮ ತಿದ್ದಿ ಎಂದು ಕೇಳಿ. ಕ್ವಾರಂಟೈನ್‌ನಿಂದ ಬಿಡಿಸಿದ ಮೇಲ್‌ನಲ್ಲಿ ಖಾತೆ ನಂಬರ್ ಇದ್ದರೆ, ಮೊದಲಿನಿಂದ ನಿಮ್ಮ ಬಳಿ ಇರುವ ನಂಬರಿಗೆ ಫೋನ್ ಮಾಡಿ ಕೇಳಿಯೇ ದುಡ್ಡು ಹಾಕಿ. ಫೈಲ್‌ಗೆ ಪಾಸ್‌ವರ್ಡ್ ಹಾಕಿ ಜಿಪ್ ಮಾಡಿ ತೂರಿಸುವ ಉಪಾಯವೂ ಬೇಡ, ಒಳಗೇನಿದೆ ಎಂದು ನೋಡಲಾಗದ ಫೈಲ್ ಕಂಡರೆ ಫಿಲ್ಟರ್‌ಗೆ ಇನ್ನೂ ಅನುಮಾನ.

ಮತ್ತೆ, ಟಿಕೆಟ್‌ನ ಹೆಸರಿನ ಬಗ್ಗೆ ಒಂದು ಮಾತು. ನನ್ನ ಎರಡನೇ ಟಿಕೆಟ್ ಯಾಕೆ ಮುಚ್ಚಿತು ಅಂತ ಆಮೇಲೆ ಗೊತ್ತಾಯಿತು. ನಮ್ಮ ಟಿಕೆಟ್ ವ್ಯವಸ್ಥೆ ಹೊರಗಿನ ಕಂಪನಿಯದು, ಅದರ ಮೇಲ್‌ಗಳೂ ಹೊರಗಿನಿಂದಲೇ ಬರಬೇಕು. ನಾನು "ಗ್ರೀಸ್ ನಿಪ್ಪಲ್ ಕೊಟೇಶನ್ ಬಂದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದೆ. ಅವರು ಪಾಪ ಮೂರು ಸಲ ವಿವರ ಕೇಳಿದ್ದರು. ಕ್ವಾರಂಟೈನ್ ಪಟ್ಟಿ ತೆರೆದಾಗ ಬೆಳಗಾವಿಯ ಮೂರು, ಹೆಲ್ಪ್‌ಡೆಸ್ಕ್‌ನ ಮೂರು, ಒಟ್ಟು ಆರು ಮೇಲ್ ಸಾಲಾಗಿ ಕೂತಿದ್ದವು. ಅಂದು 11ನೇ ದಿನ. ಕೊಟೇಶನ್‌ನ ಕೆಳಗೆ "ಈ ದರ 10 ದಿನ ಮಾತ್ರ" ಎಂದು ಬರೆದಿತ್ತು.