ಕಾಲ್ಪನಿಕ ಲೀಗಿನ ಹಾಲ್ ಆಫ್ ಫೇಮ್‌ಗೆ ನಿವೃತ್ತ ಪಿಚರ್‌ಗಳನ್ನು ಅಳೆಯುವುದು ಹೇಗೆ

ಕಂಪ್ಯೂಟರಿನಲ್ಲಿ ನಡೆಸುವ ಕಾಲ್ಪನಿಕ ಬೇಸ್‌ಬಾಲ್ ಲೀಗು ಮೂವತ್ತು ನಲವತ್ತು ಸೀಸನ್ ದಾಟುವಷ್ಟರಲ್ಲಿ ನಿವೃತ್ತರ ಪಟ್ಟಿ ಉದ್ದವಾಗಿರುತ್ತದೆ. ತಕರಾರು ಹೆಚ್ಚಾಗಿ ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ಹೆಸರು ಬಂದಾಗಲೇ. ಮತದಾರರ ಕಣ್ಣು ಮೊದಲು ಗೆಲುವಿನ ಕಾಲಮ್ಮಿಗೆ, ಆಮೇಲೆ ಇಆರ್‌ಎಗೆ, ಅಂದರೆ ಪ್ರತಿ 9 ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ಅರ್ನ್ಡ್ ರನ್ (ಫೀಲ್ಡಿಂಗ್ ತಪ್ಪಿನಿಂದ ಬರದ ರನ್) ಸರಾಸರಿಗೆ, ಹೋಗುತ್ತದೆ. ಹಾಗೇ ನೋಡಿದರೆ ಎರಡೂ ದಾರಿ ತಪ್ಪಿಸುತ್ತವೆ.

ಗೆಲುವನ್ನು ಕೊನೆಗೆ ನೋಡಿ, ಅಥವಾ ನೋಡಲೇಬೇಡಿ. 2018ರಲ್ಲಿ ಜೇಕಬ್ ಡಿಗ್ರಾಮ್ 1.70 ಇಆರ್‌ಎಯಲ್ಲಿ ಎಸೆದೂ ಸಿಕ್ಕಿದ್ದು 10 ಗೆಲುವು, 9 ಸೋಲು. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಮಾತ್ರ ಅವರಿಗೇ ಬಂತು. ಆ ಕಾಲಮ್ಮಿನಲ್ಲಿ ಅರ್ಧ ಪಾಲು ತಂಡದ ಬ್ಯಾಟಿಂಗಿನದು. ಬುಲ್‌ಪೆನ್, ಅಂದರೆ ಬದಲಿ ಪಿಚರ್‌ಗಳನ್ನು, ಬೇಗ ಇಳಿಸುವ ಲೀಗಿನಲ್ಲಂತೂ 300 ಗೆಲುವಿನ ಗೆರೆ ಯಾರಿಗೂ ಎಟುಕುವುದಿಲ್ಲ.

ಮೊದಲು ಪ್ರತಿ ಪಿಚರ್‌ನ ಅಂಕಿಗಳನ್ನು ಸೀಸನ್‌ಗೆ ಒಂದು ಸಾಲಿನಂತೆ ಸ್ಪ್ರೆಡ್‌ಶೀಟಿಗೆ ತನ್ನಿ. ಇಲ್ಲೇ ದೊಡ್ಡ ಎಡವಟ್ಟು ಆಗುವುದು. ಒಂದು ಇನಿಂಗ್ಸ್‌ಗೆ 3 ಔಟ್. 180.2 ಇನಿಂಗ್ಸ್ ಎಂದರೆ 180 ಪೂರ್ತಿ ಇನಿಂಗ್ಸ್, ಮೇಲೆ 2 ಔಟ್, ದಶಮಾಂಶ ಅಲ್ಲ. 180.2 ಮತ್ತು 195.2 ಅನ್ನು ಶೀಟು ಕೂಡಿದರೆ 375.4 ಬರುತ್ತದೆ, ಅಂಥ ಇನಿಂಗ್ಸೇ ಇಲ್ಲ. ಎಲ್ಲವನ್ನೂ ಔಟ್‌ಗೆ ತಿರುಗಿಸಿ: 180×3+2 = 542, 195×3+2 = 587, ಒಟ್ಟು 1129 ಔಟ್, ಅಂದರೆ 376.1. ಇಪ್ಪತ್ತು ಸೀಸನ್ ಕೂಡಿದಾಗ ಈ ಸಣ್ಣ ತಪ್ಪೇ ಬೆಳೆದು ಹಲವು ಇನಿಂಗ್ಸ್ ಆಗುತ್ತದೆ.

ಮುಂದಿನದು ಇಆರ್‌ಎಯನ್ನು ಆ ಕಾಲಕ್ಕೂ ಮೈದಾನಕ್ಕೂ ಹೊಂದಿಸುವುದು. 1968ರಲ್ಲಿ ಬಾಬ್ ಗಿಬ್ಸನ್ 1.12 ಇಆರ್‌ಎ ದಾಖಲಿಸಿದ ಮರುವರ್ಷವೇ ಪಿಚರ್‌ನ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ನಿಯಮ ಬದಲಾದರೆ ಅಂಕಿಯ ಬೆಲೆಯೂ ಬದಲಾಗುತ್ತದೆ. ಕಾಲ್ಪನಿಕ ಲೀಗಿನಲ್ಲಿ ಹೊಸ ತಂಡಗಳ ಸೇರ್ಪಡೆ, ಡೆಸಿಗ್ನೇಟೆಡ್ ಹಿಟರ್ (ಪಿಚರ್ ಬದಲು ಬ್ಯಾಟ್ ಮಾಡುವವನು) ನಿಯಮ, ಆಟದ ಹೊಸ ಆವೃತ್ತಿ, ಎಲ್ಲವೂ ಇದೇ ಕೆಲಸ ಮಾಡುತ್ತವೆ.

ಒಂದು ಲೆಕ್ಕ ನೋಡಿ. ಮೊದಲನೆಯವನು 2480.1 ಇನಿಂಗ್ಸ್ ಎಸೆದು 890 ಅರ್ನ್ಡ್ ರನ್ ಬಿಟ್ಟುಕೊಟ್ಟಿದ್ದಾನೆ. 890×9 ಅನ್ನು 2480.33ರಿಂದ ಭಾಗಿಸಿದರೆ ಇಆರ್‌ಎ 3.23. ಅವನು ಆಡಿದ ವರ್ಷಗಳಲ್ಲಿ ಲೀಗಿನ ಇಆರ್‌ಎ 4.20, ತವರು ಮೈದಾನದ ಪಾರ್ಕ್ ಫ್ಯಾಕ್ಟರ್ (ಅಲ್ಲಿ ರನ್ ಎಷ್ಟು ಸುಲಭ ಎಂಬುದರ ಅಳತೆ, 1 ಎಂದರೆ ಸಾಮಾನ್ಯ) 1.08. ಅರ್ಧ ಪಂದ್ಯ ಮಾತ್ರ ತವರಿನಲ್ಲಿ ನಡೆಯುವುದರಿಂದ 1.04 ಹಿಡಿಯಿರಿ. 4.20×1.04 = 4.37, ಅದನ್ನು 3.23ರಿಂದ ಭಾಗಿಸಿ 100ರಿಂದ ಗುಣಿಸಿದರೆ ಇಆರ್‌ಎ ಪ್ಲಸ್ 135. ಇಲ್ಲಿ 100 ಎಂದರೆ ಲೀಗಿನ ಸರಾಸರಿ, ಹೆಚ್ಚಿದಷ್ಟೂ ಒಳ್ಳೆಯದು. ಎರಡನೆಯವನ ಇಆರ್‌ಎ 2.95, ಆದರೆ ಲೀಗಿನದು 3.40, ಮೈದಾನ 0.94, ಅರ್ಧಕ್ಕೆ ಇಳಿಸಿದರೆ 0.97. ಅವನಿಗೆ ಬರುವುದು ಬರೀ 112. ಬರಿಗಣ್ಣಿಗೆ ಚೆನ್ನಾಗಿ ಕಂಡವನು ಹಿಂದೆ ಬಿದ್ದ. ಕೆಲವು ಪಟ್ಟಿಗಳು ಪಾರ್ಕ್ ಫ್ಯಾಕ್ಟರನ್ನು ಅರ್ಧ ಮಾಡಿಯೇ ಕೊಟ್ಟಿರುತ್ತವೆ. ಮತ್ತೊಮ್ಮೆ ಅರ್ಧ ಮಾಡಬೇಡಿ. ಲೀಗ್ ಇಆರ್‌ಎಯನ್ನೂ ಆತ ಪ್ರತಿ ವರ್ಷ ಎಸೆದ ಇನಿಂಗ್ಸಿನ ತೂಕ ಕೊಟ್ಟೇ ಸರಾಸರಿ ಮಾಡಿ. ಗಾಯದಿಂದ 20 ಇನಿಂಗ್ಸ್‌ಗೆ ನಿಂತ ವರ್ಷಕ್ಕೂ 230 ಇನಿಂಗ್ಸಿನ ವರ್ಷಕ್ಕೂ ಒಂದೇ ತೂಕ ಸಲ್ಲದು.

ಶಿಖರ ಮತ್ತು ಬಾಳಿಕೆಯನ್ನು ಬೇರೆ ಬೇರೆ ಅಳೆಯಿರಿ. ಸ್ಯಾಂಡಿ ಕೌಫ್ಯಾಕ್ಸ್ 165 ಗೆಲುವಿಗೇ ನಿಂತು 30ನೇ ವಯಸ್ಸಿಗೆ ನಿವೃತ್ತರಾದರು. ಡಾನ್ ಸಟನ್ ಒಮ್ಮೆಯೂ ಸೈ ಯಂಗ್ ಪಡೆಯದೆ 324 ಗೆದ್ದರು. ಇಬ್ಬರೂ ಕೂಪರ್ಸ್‌ಟೌನಿನಲ್ಲಿರುವ ನಿಜವಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಜೇ ಜಾಫಿ ರೂಪಿಸಿದ ಜಾಸ್ ಅಳತೆ ಇದಕ್ಕೆ ಸರಳ ಉಪಾಯ: ವೃತ್ತಿಜೀವನದ ಒಟ್ಟು ವಾರ್, ಅಂದರೆ ಬದಲಿ ಆಟಗಾರನಿಗಿಂತ ಹೆಚ್ಚಿಗೆ ತಂದ ಗೆಲುವು, ಮತ್ತು ಅತ್ಯುತ್ತಮ 7 ಸೀಸನ್‌ಗಳ ವಾರ್, ಇವೆರಡರ ಸರಾಸರಿ. ಆ 7 ಸೀಸನ್ ಸತತವಾಗಿರಬೇಕಿಲ್ಲ. ಒಟ್ಟು 58, ಶಿಖರ 47 ಇದ್ದವನಿಗೆ 52.5, ಒಟ್ಟು 66, ಶಿಖರ 34 ಇದ್ದವನಿಗೆ 50. ನಲವತ್ತು ದಾಟಿದ ಮೇಲೆ ಬಂದ ಋಣ ವಾರ್ ಅನ್ನು ಸೊನ್ನೆ ಎಂದೇ ಹಿಡಿಯುವುದು ಒಳ್ಳೆಯದು. ತಂಡಕ್ಕೆ ಆಳು ಬೇಕಿತ್ತೆಂದು ಎಸೆದವನಿಗೆ ದಂಡ ಯಾಕೆ? ಬಂದ ಅಂಕಿಯನ್ನು ನಿಮ್ಮ ಲೀಗಿನಲ್ಲಿ ಈಗಾಗಲೇ ಆಯ್ಕೆಯಾದವರ ಮಧ್ಯಾಂಕದೊಂದಿಗೆ ಹೋಲಿಸಿ. ಒಳಗಿರುವವರು ಆರೇಳು ಮಂದಿಯಾದರೆ ಒಬ್ಬ ದೈತ್ಯನಿದ್ದರೂ ಸಾಕು, ಸರಾಸರಿ ಮೇಲಕ್ಕೆ ಜಿಗಿಯುತ್ತದೆ.

ಎಫ್‌ಐಪಿ ಎಂಬ ಅಳತೆ ಫೀಲ್ಡರ್‌ಗಳ ಕೈವಾಡವಿಲ್ಲದ ಹೋಮ್ ರನ್, ವಾಕ್, ಚೆಂಡು ಬ್ಯಾಟರ್‌ಗೆ ತಗುಲಿದ್ದು, ಸ್ಟ್ರೈಕ್‌ಔಟ್‌ಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು ಇಆರ್‌ಎಯಂಥದೇ ಅಂಕಿ ಕೊಡುತ್ತದೆ. ಅದು ಇಆರ್‌ಎಗಿಂತ ತುಂಬ ಹೆಚ್ಚಿದ್ದರೆ ಫೀಲ್ಡಿಂಗಿನ ಕೃಪೆ ಎಷ್ಟಿತ್ತು ಎಂದು ತಂಡದ ಫೀಲ್ಡಿಂಗ್ ಅಂಕಿ ತೆಗೆದು ನೋಡಿ. ಹೆಸರು ಹೊಡೆದುಹಾಕಲು ಇದೊಂದೇ ಸಾಲದು. ಗೌರವ ಸಲ್ಲುವುದು ನಿಜಕ್ಕೂ ತಡೆದ ರನ್ನುಗಳಿಗೆ.

ಕಾಲ್ಪನಿಕ ಲೀಗಿಗೇ ವಿಶೇಷವಾದ ಒಂದು ಅನ್ಯಾಯವಿದೆ. ಲೀಗ್ ಶುರುವಾದಾಗಲೇ 33 ವರ್ಷದವನಾಗಿದ್ದ ಪಿಚರ್‌ಗೆ ಹಿಂದಿನ ಹತ್ತು ವರ್ಷಗಳ ದಾಖಲೆಯೇ ಇರುವುದಿಲ್ಲ. ಅವನನ್ನು ಒಟ್ಟು ಮೊತ್ತದಿಂದ ಅಳೆದರೆ ಎಂದಿಗೂ ಒಳಗೆ ಬರಲಾರ. ಅದೇ ವಯಸ್ಸಿನ ನಂತರ ಇತರರು ಮಾಡಿದ್ದಕ್ಕೆ ಮಾತ್ರ ಹೋಲಿಸಿ. ಪ್ರಶಸ್ತಿಗಳನ್ನು ಎಣಿಸುವಾಗಲೂ 8 ತಂಡಗಳ ಕಾಲದ ಸೈ ಯಂಗ್ ಮತ್ತು 24 ತಂಡಗಳ ಕಾಲದ್ದು ಒಂದೇ ಅಲ್ಲ ಎಂಬುದು ನೆನಪಿರಲಿ.

ಪಂದ್ಯದ ನಡುವೆ ಬದಲಿಯಾಗಿ ಇಳಿಯುವ ರಿಲೀವರ್‌ಗಳನ್ನು ರಿಲೀವರ್‌ಗಳ ಜೊತೆಗೇ ಇಟ್ಟು ನೋಡಿ. ಮೂರು ರನ್ ಮುನ್ನಡೆಯಲ್ಲಿ ಕೊನೆಯ ಒಂದು ಇನಿಂಗ್ಸ್ ಮುಗಿಸಿದರೂ ಸೇವ್, ಅಂದರೆ ಗೆಲುವು ಕಾಪಾಡಿದ ಲೆಕ್ಕ, ಸಿಗುತ್ತದೆ. ಅವರ ಇಆರ್‌ಎಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಬೇಸಿನ ಮೇಲೆ ಮೊದಲೇ ಇದ್ದ ಓಟಗಾರ ಮನೆ ಮುಟ್ಟಿದರೆ ಆ ರನ್ ಬೀಳುವುದು ಹಿಂದಿನ ಪಿಚರ್ ಲೆಕ್ಕಕ್ಕೆ. ಹಾಗಾಗಿ ಅಂಥ ಓಟಗಾರರಲ್ಲಿ ಎಷ್ಟು ಮಂದಿಯನ್ನು ತಡೆದ ಎಂಬ ಕಾಲಮ್ ಬೇಕು. 2019ರಲ್ಲಿ ಎಲ್ಲ ಮತಗಳನ್ನೂ ಪಡೆದು ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ರಿಲೀವರ್ ಮರಿಯಾನೊ ರಿವೆರಾ ಅವರಿಗೆ 652 ಸೇವ್ ಮಾತ್ರವಲ್ಲ, 205 ಇಆರ್‌ಎ ಪ್ಲಸ್ ಕೂಡ ಇತ್ತು. ಪಂದ್ಯ ಶುರುಮಾಡುವ ಸ್ಟಾರ್ಟರ್‌ಗೆ 125 ಸಾಕೆನಿಸಿದರೆ ರಿಲೀವರ್‌ಗೆ 150ರಿಂದ ಕೆಳಗಿಳಿಯಬೇಡಿ.

ಕೂಪರ್ಸ್‌ಟೌನಿನ ಮತದಾನದ ನಿಯಮವನ್ನು ಹಾಗೇ ತಂದರೆ ಚಿಕ್ಕ ಲೀಗಿನಲ್ಲಿ ಕೈಕೊಡುತ್ತದೆ. ಅಲ್ಲಿ 75% ಬಂದವರು ಒಳಗೆ, 5%ಕ್ಕಿಂತ ಕಡಿಮೆ ಬಂದವರು ಪಟ್ಟಿಯಿಂದ ಹೊರಗೆ. 12 ಮತದಾರರಿದ್ದರೆ 5% ಎಂದರೆ 0.6 ಮತ, ಅಂದರೆ ಒಬ್ಬ ಗೆಳೆಯನ ಮತವೇ ಯಾರನ್ನಾದರೂ ಹತ್ತು ವರ್ಷ ಪಟ್ಟಿಯಲ್ಲಿ ಉಳಿಸುತ್ತದೆ. ಕನಿಷ್ಠ 2 ಮತ ಎಂದು ಬರೆದಿಡಿ. ಆಯ್ಕೆಗೆ 12ರಲ್ಲಿ 9 ಬೇಕು. ಒಬ್ಬ ಗೈರಾದರೆ 11ರ 75% ಎಂದರೆ 8.25, ಅದನ್ನು 9ಕ್ಕೆ ಏರಿಸಬೇಕು, 8ಕ್ಕೆ ಇಳಿಸಬಾರದು.