ಮಂಗಳೂರನ್ನು ಒಂದೇ ದಿನದಲ್ಲಿ ನೋಡೋದಾದರೆ ಬೀಚನ್ನು ಕೊನೆಗೆ ಇಡಿ

ಮಂಗಳೂರಿಗೆ ಬಂದವರು ಬಸ್ಸಿಳಿದ ಕೂಡಲೇ ಬೀಚಿಗೆ ಓಡುತ್ತಾರೆ. ಸಮುದ್ರ ಎಲ್ಲೂ ಹೋಗಲ್ಲ, ಸಂಜೆ ನೋಡಿದರಾಯಿತು. ಈ ಊರು ಬೆಳೆದದ್ದು ನದಿ ದಂಡೆಯಲ್ಲಿ, ಹಾಗಾಗಿ ಬೆಳಿಗ್ಗೆ ಬೇಗ ಎದ್ದು ಹಳೇ ಬಂದರಿಗೆ ಹೋಗಿ.

ಒಳ್ಳೇ ಶೂ ಬೇಡ, ಚಪ್ಪಲಿ ಸಾಕು. ದಕ್ಕೆಯಲ್ಲಿ, ಅಂದರೆ ಮೀನಿನ ದೋಣಿಗಳು ಬಂದು ನಿಲ್ಲುವ ಕಟ್ಟೆಯಲ್ಲಿ, ಕಾಲಡಿ ಐಸ್ ಕರಗಿದ ನೀರು ಹರಿಯುತ್ತಲೇ ಇರುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳು, ಅಂದರೆ ದೊಡ್ಡ ಸರಕು ದೋಣಿಗಳು, ನಿಲ್ಲುತ್ತವೆ, ತಲೆಹೊರೆಯಲ್ಲಿ ಚೀಲ ಏರಿಸುವುದನ್ನು ನೋಡುತ್ತಾ ಹತ್ತು ನಿಮಿಷ ಸುಮ್ನೆ ನಿಲ್ಲಿ. ನೇತ್ರಾವತಿ, ಗುರುಪುರ ನದಿಗಳೆರಡೂ ಇಲ್ಲೇ ಹತ್ತಿರ ಸಮುದ್ರ ಸೇರುತ್ತವೆ. 12ನೇ ಶತಮಾನದಲ್ಲಿ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಟ್ಯುನೀಶಿಯಾ ಕಡೆಯಿಂದ ಬಂದು ಈ ಊರಲ್ಲೇ ವರ್ಷಗಟ್ಟಲೆ ಇದ್ದ. ಕಂಚಿನ ಪಾತ್ರೆ ಮಾಡಿಸಿ ಏಡನ್‌ಗೆ ಕಳಿಸುತ್ತಿದ್ದ. ಅವನ ವ್ಯವಹಾರದ ಕಾಗದಗಳು ಸಿಕ್ಕಿದ್ದು ಎಲ್ಲಿ ಗೊತ್ತಾ? ಕೈರೋದ ಒಂದು ಹಳೇ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ!

ಬಂದರಿನ ಓಣಿಗಳಲ್ಲೇ ಜೀನತ್ ಬಕ್ಷ್ ಮಸೀದಿ ಇದೆ. ಮರದ ಕೆತ್ತನೆ ನೋಡಲೇಬೇಕು, ಆದರೆ ಕೇಳಿಕೊಂಡು ಒಳಗೆ ಹೋಗಿ, ಶುಕ್ರವಾರ ಮಧ್ಯಾಹ್ನ ಬೇಡ. ಹಾಗೇ ಹಳೇ ಗೋದಾಮುಗಳ ಮಾಡನ್ನೂ ನೋಡಿ, ಅದೇ ಮಂಗಳೂರು ಹಂಚು. ನದಿ ದಂಡೆಯ ಜೇಡಿಮಣ್ಣಿನಿಂದ 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಶುರು ಮಾಡಿದ್ದು. ಎಲ್ಲಾದರೂ ಒಡೆದ ಹಂಚು ಬಿದ್ದಿದ್ದರೆ ಮಗುಚಿ ನೋಡಿ, ಕಾರ್ಖಾನೆ ಹೆಸರಿನ ಅಚ್ಚು ಇರುತ್ತದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಬಂದಿದ್ದೂ ಇದೇ ಮಿಷನ್ನಿನ ಮೋಗ್ಲಿಂಗ್ ಕೈಯಿಂದ.

ಬಿಸಿಲೇರಿದ ಮೇಲೆ ಗುಡ್ಡ ಹತ್ತಿ. ಬಾವುಟಗುಡ್ಡೆಯಲ್ಲಿ 1837ರ ಏಪ್ರಿಲ್‌ನಲ್ಲಿ ಅಮರಸುಳ್ಯದ ರೈತರು ಈಸ್ಟ್ ಇಂಡಿಯಾ ಕಂಪನಿಯವರನ್ನು ಓಡಿಸಿ ತಮ್ಮ ಬಾವುಟ ಹಾರಿಸಿದರು, ಹದಿಮೂರು ದಿನ ಊರು ಅವರದೇ ಆಗಿತ್ತು. ಪಕ್ಕದಲ್ಲೇ ಸೇಂಟ್ ಅಲೋಶಿಯಸ್ ಚಾಪೆಲ್. ಗೋಡೆ, ಚಾವಣಿ ತುಂಬಾ ಇಟಲಿಯ ಮೊಸ್ಕೆನಿ ಬರೆದ ಚಿತ್ರಗಳು. ಬೆಂಚಿನಲ್ಲಿ ಕೂತು ನೋಡಿ, ನಿಂತು ನೋಡಿದರೆ ಕುತ್ತಿಗೆ ಹಿಡಿಯುತ್ತದೆ.

ಕದ್ರಿ ದೇವಸ್ಥಾನದಲ್ಲಿ ಜನ ಮಂಜುನಾಥನಿಗೆ ಕೈಮುಗಿದು ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಮೂರು ಮುಖ, ಆರು ಕೈಯ ಕಂಚಿನ ಲೋಕೇಶ್ವರನನ್ನು ಹುಡುಕಿ. ಆಗ ತುಳುನಾಡನ್ನು ಆಳುತ್ತಿದ್ದ ಆಳುಪ ವಂಶದ ರಾಜ ಕುಂದವರ್ಮ 968ರಲ್ಲಿ ಮಾಡಿಸಿದ್ದು. ನನ್ನ ಪ್ರಕಾರ ಊರಿನಲ್ಲಿ ಇದಕ್ಕಿಂತ ಚೆಂದದ ವಸ್ತು ಇನ್ನೊಂದಿಲ್ಲ.

ನಾಲ್ಕು ಗಂಟೆ ಹೊತ್ತಿಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಬನ್ನಿ. ಕೋಟೆ ಅಂದುಕೊಂಡು ಬಂದವರಿಗೆ ಬೇಜಾರಾಗಬಹುದು, ಇದು ಒಂದು ಕಾವಲು ಬುರುಜು ಅಷ್ಟೇ. ಶತ್ರು ಹಡಗುಗಳು ನದಿಯೊಳಗೆ ನುಗ್ಗಬಾರದು ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಮೇಲೆ ಹತ್ತಿ ಗೋಡೆಯ ಕಿಂಡಿಗೆ ಕಣ್ಣಿಡಿ, ಗುರುಪುರ ನದಿ ಸಣ್ಣ ಪಟ್ಟಿಯ ಹಾಗೆ ಕಾಣುತ್ತದೆ, ಬುರುಜನ್ನು ಇಲ್ಲೇ ಯಾಕೆ ಕಟ್ಟಿದರು ಅಂತ ತಕ್ಷಣ ಗೊತ್ತಾಗುತ್ತದೆ.

ದೋಣಿ ಇದ್ದರೆ ಅಲ್ಲಿಂದಲೇ ತಣ್ಣೀರುಬಾವಿಗೆ ದಾಟಿ. ಉತ್ತರಕ್ಕೆ ದೂರದಲ್ಲಿ ದೊಡ್ಡ ಹಡಗುಗಳು ಕಾಯುತ್ತಾ ನಿಂತಿರುತ್ತವೆ. ನದಿ ಸಮುದ್ರ ಸೇರುವ ಅಳಿವೆಯ ನೀರಿನ ಆಳ ಅವಕ್ಕೆ ಸಾಲುವುದಿಲ್ಲ, ಅದಕ್ಕೇ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದರು. ವಾಪಸ್ ದೋಣಿ ಎಷ್ಟು ಗಂಟೆವರೆಗೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ರಸ್ತೆಯಲ್ಲಿ ಪೂರ್ತಿ ಸುತ್ತಿ ಬರಬೇಕಾಗುತ್ತದೆ.