ಎಂಟನೇ ತರಗತಿಗೆ ಹೊಸದಾಗಿ ಬಂದ 48 ಮಕ್ಕಳು

ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಗೆ ಸುತ್ತಲಿನ ನಾಲ್ಕಾರು ಊರುಗಳಿಂದ ಮಕ್ಕಳು ಬರುತ್ತಾರೆ. ಹೆಸರು ಹಿಡಿದು ಕರೆಯುತ್ತಿದ್ದ ಮೇಷ್ಟ್ರು ಹಳೆಯ ಶಾಲೆಯಲ್ಲೇ ಉಳಿದಿರುತ್ತಾರೆ, ಇಲ್ಲಿ ಪಿರಿಯಡ್ಡಿಗೊಬ್ಬರು. ಹಾಗಾಗಿ ಸೇತುಬಂಧದ, ಅಂದರೆ ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ದಿನಗಳಲ್ಲಿ ಮೊದಲು ಹೆಸರು ಕಲಿಯುತ್ತೇನೆ. ನಂಬರ್ ಕೂಗಿ ಹಾಜರಿ ಹಾಕಿದರೆ ಎರಡು ನಿಮಿಷ ಉಳಿಯುತ್ತದೆ ನಿಜ, ಆದರೆ ಆಗಸ್ಟ್ ಬಂದರೂ ಹೆಸರು ಬಾಯಿಗೆ ಬರುವುದಿಲ್ಲ. ಯಾರು ಎಲ್ಲಿ ಕೂರುತ್ತಾರೆಂಬ ನಕ್ಷೆ ಬರೆದು ಮೇಜಿನ ಮೇಲಿಟ್ಟುಕೊಂಡು ದಿನಕ್ಕೆ ಎಂಟು ಹೆಸರು ಕಲಿತರೆ ಒಂದು ವಾರ ಸಾಕು.

ಆಮೇಲೆ ನೂರು ಪುಟದ ಒಂದು ನೋಟ್‌ಬುಕ್, ಮಗುವಿಗೊಂದು ಪುಟ. ದಿನಕ್ಕೆ ಇಬ್ಬರ ಜೊತೆ ಎರಡೆರಡು ನಿಮಿಷ ಮಾತು. 24 ಶಾಲಾ ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಪ್ರಾರ್ಥನೆಗೆ ಮುಂಚೆ ಅಥವಾ ಬಿಸಿಯೂಟ ಆದಮೇಲೆ, ಎಲ್ಲರಿಗೂ ಕಾಣುವ ವರಾಂಡದಲ್ಲೇ. ಸ್ಟಾಫ್ ರೂಮಿಗೆ ಕರೆದರೆ ಮಗು ಬೈಗುಳಕ್ಕೆ ಸಿದ್ಧವಾಗಿಯೇ ಬರುತ್ತದೆ. 'ಅಪ್ಪ ಏನು ಮಾಡ್ತಾರೆ?' ಅಂತ ಶುರುಮಾಡಬಾರದು; ಅಪ್ಪ ಇಲ್ಲದ ಮಗು ಅಲ್ಲೇ ಬಾಯಿ ಮುಚ್ಚುತ್ತದೆ. 'ಹೇಗೆ ಬರ್ತೀಯ, ಬಸ್ಸೋ ನಡೆದೋ? ಮನೆಗೆ ಹೋದಮೇಲೆ ಏನೇನು ಕೆಲಸ?' ಇಷ್ಟು ಕೇಳಿದರೆ ಹೋಂವರ್ಕ್ ಯಾಕೆ ಆಗುವುದಿಲ್ಲ ಎಂಬುದೂ ತಿಳಿಯುತ್ತದೆ. ಒಂದು ಸಾಲು ಬರೆದಿಟ್ಟುಕೊಂಡು ಮುಂದಿನ ವಾರ ಅದನ್ನೇ ಕೇಳಬೇಕು: 'ಕರು ಈಗ ಹುಲ್ಲು ತಿಂತಿದೆಯಾ?' ಕೆಲಸ ಮಾಡುವುದು ಈ ಎರಡನೇ ಪ್ರಶ್ನೆ.

ಎಡವುವುದು ಎಲ್ಲಿ? ಜಾಣರು ಐದು ಜನ, ತುಂಟರು ಐದು ಜನ ನಮ್ಮ ಮಾತನ್ನೆಲ್ಲ ನುಂಗಿಬಿಡುತ್ತಾರೆ. ಗಲಾಟೆಯನ್ನೂ ಮಾಡದ, ಮೊದಲ ಸ್ಥಾನಕ್ಕೂ ಬಾರದ ಮಕ್ಕಳ ಪುಟ ಖಾಲಿ ಉಳಿಯುತ್ತದೆ. ಶನಿವಾರ ಪುಟ ತಿರುವಿ ನೋಡಿ, ಸೋಮವಾರ ಖಾಲಿ ಪುಟದವರಿಂದಲೇ ಆರಂಭಿಸುತ್ತೇನೆ.

ಇನ್ನೊಂದು ತಪ್ಪು, 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡುವುದು. ತನ್ನ ಮದುವೆಯ ಮಾತುಕತೆ, ಮನೆಯಲ್ಲಿ ಹೊಡೆತ ಎಂದು ಮಗು ಬಾಯಿಬಿಟ್ಟರೆ ಮುಖ್ಯ ಶಿಕ್ಷಕರಿಗೆ ಹೇಳಲೇಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲೇಬೇಕು. 'ನಿನ್ನ ಒಳ್ಳೆಯದಕ್ಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ' ಅಂದರೆ ಆಮೇಲೆ ನಂಬಿಕೆ ಮುರಿಯುವುದಿಲ್ಲ.

ಲೆಕ್ಕದ ಪುಸ್ತಕ ತಿದ್ದುವಾಗ ಬರೀ ಸಹಿ ಹಾಕಿದರೆ ಓದಿಲ್ಲವೆಂದು ಮಕ್ಕಳಿಗೆ ಗೊತ್ತಾಗುತ್ತದೆ. ವಾರಕ್ಕೆ 16 ಪುಸ್ತಕ, ಒಂದೊಂದಕ್ಕೆ ಮೂರು ನಿಮಿಷ: 'ಮೂರನೇ ಹೆಜ್ಜೆವರೆಗೂ ಸರಿ, ಆಚೆ ಬದಿಗೆ ಹೋದಾಗ ಚಿಹ್ನೆ ಬದಲಾಗಬೇಕಿತ್ತು.'

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಬೆತ್ತ ಬಿಟ್ಟವರೂ ವ್ಯಂಗ್ಯ ಬಿಟ್ಟಿರುವುದಿಲ್ಲ! ಗದರುವುದಿದ್ದರೆ ಪಿರಿಯಡ್ ಮುಗಿದಮೇಲೆ, ಮಗು ಒಂದೇ ಇದ್ದಾಗ. ಮರುದಿನ ಆ ಮಗುವನ್ನು ನಾವೇ ಮೊದಲು ಮಾತನಾಡಿಸಬೇಕು, ಬೇರೆ ಏನಾದರೂ ವಿಷಯ ಎತ್ತಿ.